ಐಶಿಶ್ಕೆಸ್: ಲಿಥುವೇನಿಯಾದ ಒಂದು ಪುಟ್ಟ ಊರು, ಅದರ ಯಹೂದಿಗಳು, ಉಳಿದುಬಂದ ಫೋಟೊಗಳು

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಬಗ್ಗೆ ಈ ವೇದಿಕೆಯಲ್ಲಿ ಬೇಕಾದಷ್ಟು ಚರ್ಚೆ ಆಗಿದೆ. ಆದರೆ ಯಹೂದಿಗಳ ಮಾತು ಬಂದಾಗೆಲ್ಲ ನಾಜಿಗಳ ಆಶ್ವಿಟ್ಜ್ ಕೊಲೆ ಕ್ಯಾಂಪಿನ ಹತ್ತಿರ ಹೋಗಿ ನಿಂತುಬಿಡುತ್ತೇವೆ. ಲಿಥುವೇನಿಯಾದ ಯಹೂದಿಗಳಲ್ಲಿ ಹೆಚ್ಚಿನವರು ರೈಲು ಹತ್ತಲಿಲ್ಲ, ಕ್ಯಾಂಪು ನೋಡಲಿಲ್ಲ. ತಮ್ಮ ಊರಿನ ಪಕ್ಕದಲ್ಲೇ ಸತ್ತರು. ಅಂಥ ನೂರಾರು ಊರುಗಳಲ್ಲಿ ಒಂದನ್ನು ಹಿಡಿದುಕೊಂಡು ಮಾತಾಡೋಣ ಅನ್ನಿಸಿತು.

ಊರಿನ ಹೆಸರು ಐಶಿಶ್ಕೆಸ್. ಅಲ್ಲಿನ ಯಹೂದಿಗಳು ತಮ್ಮ ಮಾತಾದ ಯಿಡ್ಡಿಶ್‌ನಲ್ಲಿ ಐಶಿಶೋಕ್ ಅನ್ನುತ್ತಿದ್ದರು. ವಿಲ್ನಿಯಸ್‌ನಿಂದ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್. ಬೆಲಾರುಸ್ ಗಡಿ ಹತ್ತಿರದಲ್ಲೇ ಇದೆ.

ಲಿಥುವೇನಿಯಾದಲ್ಲಿ ಯಹೂದಿಗಳ ಕಥೆ ಶುರುವಾಗುವುದು 14ನೇ ಶತಮಾನದಲ್ಲಿ. 1388-89ರಲ್ಲಿ ವೈಟೌಟಸ್ ದೊರೆ ಬ್ರೆಸ್ಟ್ ಮತ್ತು ಗ್ರೋಡ್ನೊ ಊರುಗಳ ಯಹೂದಿಗಳಿಗೆ ಹಕ್ಕುಪತ್ರ ಕೊಟ್ಟ. ಜೀವಕ್ಕೆ, ವ್ಯಾಪಾರಕ್ಕೆ, ಪೂಜೆಗೆ ರಕ್ಷಣೆ ಸಿಕ್ಕಿತು. 1495ರಲ್ಲಿ ಇನ್ನೊಬ್ಬ ದೊರೆ ಎಲ್ಲರನ್ನೂ ಓಡಿಸಿದ. 1503ರಲ್ಲಿ ಮತ್ತೆ ಬರಲು ಬಿಟ್ಟ. ಅಲ್ಲಿಂದ ಮುಂದೆ ಸಣ್ಣ ಸಣ್ಣ ಪೇಟೆ ಊರುಗಳಲ್ಲಿ ಅವರು ಬೇರೂರಿದರು. ಇಂಥ ಊರಿಗೆ ಯಿಡ್ಡಿಶ್‌ನಲ್ಲಿ ಶ್ಟೆಟಲ್ ಅಂತ ಹೆಸರು. 1795ರ ನಂತರ ಈ ನಾಡು ರಷ್ಯಾದ ಚಕ್ರವರ್ತಿಯ ಕೈಗೆ ಹೋಯಿತು. 19ನೇ ಶತಮಾನದ ಕೊನೆಗೆ ಐಶಿಶ್ಕೆಸ್‌ನ ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಯಹೂದಿಗಳೇ ಇದ್ದರು.

ನಡುವೆ ಸಂತೆ ಮೈದಾನ, ಅದರ ಸುತ್ತ ಅಂಗಡಿ ಮತ್ತು ಮನೆಗಳು. ಪಕ್ಕದಲ್ಲಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ), ಶಾಸ್ತ್ರ ಓದುವ ಮನೆಗಳು, ಸ್ನಾನದ ಮನೆ. ಗುರುವಾರ ಸಂತೆ. ಸುತ್ತಲಿನ ಹಳ್ಳಿಗಳ ಪೋಲಿಷ್, ಲಿಥುವೇನಿಯನ್, ಬೆಲಾರುಸಿ ರೈತರು ಧಾನ್ಯ, ಕೋಳಿ, ಕುದುರೆ ತಂದು ಮಾರುತ್ತಿದ್ದರು. ಉಪ್ಪು, ಸೀಮೆಎಣ್ಣೆ, ಬಟ್ಟೆ, ಬೂಟು ಕೊಂಡು ಹೋಗುತ್ತಿದ್ದರು. ನಮ್ಮ ಹೋಬಳಿ ಊರುಗಳ ವಾರದ ಸಂತೆ ನೋಡಿದವರಿಗೆ ಇದರ ಗದ್ದಲ ಬಿಡಿಸಿ ಹೇಳಬೇಕಿಲ್ಲ.

1941ರ ಸೆಪ್ಟೆಂಬರ್‌ನಲ್ಲಿ ಈ ಊರಿನ ಯಹೂದಿಗಳನ್ನೆಲ್ಲ ಎರಡು ದಿನದಲ್ಲಿ ಕೊಂದರು. ಅದನ್ನು ಆಮೇಲೆ ಬರೆಯುತ್ತೇನೆ. ಮೊದಲು ಅವರು ಬದುಕಿದ ಬಗೆ ಗೊತ್ತಾಗಲಿ ಅಂತ ನನ್ನ ಆಸೆ. ಇತಿಹಾಸದ ಪುಸ್ತಕಗಳಲ್ಲಿ ಇಂಥ ಊರು ಒಂದು ಸಾಲಿನಲ್ಲಿ ಬರುತ್ತದೆ: ಹೆಸರು, ತಾರೀಖು, ಸತ್ತವರ ಲೆಕ್ಕ. ಇಷ್ಟನ್ನೇ ನೆನಪಿಟ್ಟರೆ ಕೊಂದವರು ಬರೆದಿಟ್ಟ ಪಟ್ಟಿಯನ್ನೇ ನಾವೂ ಓದಿದ ಹಾಗಾಗುತ್ತದೆ.

ನೀಲಿಶಾಯಿ:

ಒಳ್ಳೆಯ ವಿಷಯ ತೆಗೆದಿರಿ. ಒಂದು ಪ್ರಶ್ನೆ. ಈ ಊರು ಲಿಥುವೇನಿಯಾದ್ದೋ ಪೋಲೆಂಡಿನದ್ದೋ? ಒಂದು ಹಳೆಯ ನಕ್ಷೆಯಲ್ಲಿ ಇದು ಪೋಲೆಂಡ್ ಒಳಗೆ ಇದೆ.

ತುಂಗಾತೀರ:

ಎರಡೂ ಹೌದು. ಮೊದಲ ಮಹಾಯುದ್ಧದ ನಂತರ ವಿಲ್ನಿಯಸ್ ಸುತ್ತಲಿನ ಸೀಮೆ ಪೋಲೆಂಡಿನ ಕೈಯಲ್ಲಿತ್ತು. ಆಗ ಈ ಊರಿನ ಯಹೂದಿಗಳು ಪೋಲೆಂಡಿನ ಪ್ರಜೆಗಳು. 1939ರ ಸೆಪ್ಟೆಂಬರ್‌ನಲ್ಲಿ ಸೋವಿಯತ್ ಸೇನೆ ಬಂತು. ಆ ವರ್ಷವೇ ಸೋವಿಯತ್ತರು ಈ ಸೀಮೆಯ ಒಂದು ಭಾಗವನ್ನು ಲಿಥುವೇನಿಯಾಕ್ಕೆ ಕೊಟ್ಟರು. 1940ರ ಜೂನ್‌ನಲ್ಲಿ ಇಡೀ ಲಿಥುವೇನಿಯಾವನ್ನೇ ನುಂಗಿದರು. 1941ರ ಜೂನ್ 22ಕ್ಕೆ ಜರ್ಮನರು ಗಡಿ ದಾಟಿದರು, ಮರುದಿನವೇ ಈ ಊರಿಗೆ ಬಂದರು. ಎರಡು ವರ್ಷದೊಳಗೆ ನಾಲ್ಕು ಆಡಳಿತ. ಮನೆ ಬದಲಿಸದೆ, ಬೀದಿ ಬದಲಿಸದೆ, ಅದೇ ಜನ ನಾಲ್ಕು ದೇಶ ನೋಡಿದರು.

ಇವತ್ತೂ ಅಲ್ಲಿ ಪೋಲಿಷ್ ಮಾತಾಡುವವರೇ ಹೆಚ್ಚು. ಪೋಲಿಷ್‌ನಲ್ಲಿ ಊರಿಗೆ ಎಯ್ಶಿಶ್ಕಿ ಅಂತ ಹೆಸರು.

ಹಳೇ ಹಾಳೆ:

ಈ ಪ್ರದೇಶದ ಯಹೂದಿಗಳನ್ನು ಲಿಟ್ವಾಕ್ ಅಂತ ಕರೆಯುತ್ತಾರೆ. ಅವರ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಭಕ್ತಿಯ ಆವೇಶಕ್ಕಿಂತ ಓದಿಗೆ ಬೆಲೆ ಕೊಟ್ಟವರು ಅಂತ ಇವರಿಗೆ ಹೆಸರು. 18ನೇ ಶತಮಾನದ ದೊಡ್ಡ ಪಂಡಿತ, ವಿಲ್ನಾದ (ಈಗಿನ ವಿಲ್ನಿಯಸ್) ಗಾವೋನ್ ಎಲಿಯಾಹು (1720-1797), ಇವರ ಗುರು. ಆ ಹೊತ್ತಿಗೆ ಹಾಡು ಕುಣಿತದ ಭಕ್ತಿಪಂಥವೊಂದು, ಹಸೀದಿ ಪಂಥ, ಪೂರ್ವ ಯುರೋಪಿನ ತುಂಬ ಹಬ್ಬುತ್ತಿತ್ತು. ಗಾವೋನ್ ಅದನ್ನು ಗಟ್ಟಿಯಾಗಿ ವಿರೋಧಿಸಿದ. ಲಿಥುವೇನಿಯಾದಲ್ಲಿ ಓದಿನ ದಾರಿಯೇ ಮೇಲುಗೈ ಪಡೆಯಿತು. ವೊಲೊಝಿನ್, ಮಿರ್, ತೆಲ್ಶೆ, ಸ್ಲಬೋಡ್ಕಾ ಮುಂತಾದ ಕಡೆ ಯೆಶಿವಾಗಳು, ಅಂದರೆ ಶಾಸ್ತ್ರಪಾಠಶಾಲೆಗಳು, ಹುಟ್ಟಿದವು.

ಐಶಿಶ್ಕೆಸ್‌ಗೆ ಹತ್ತಿರದಲ್ಲೇ, ಈಗಿನ ಬೆಲಾರುಸ್ ಒಳಗೆ, ರಾಡುನ್ ಅಂತ ಊರು. ಅಲ್ಲಿದ್ದ ರಬ್ಬಿ (ಯಹೂದಿ ಧರ್ಮಗುರು) ಇಸ್ರೇಲ್ ಮೇಯರ್ ಕಗಾನ್ ಯಹೂದಿ ಲೋಕಕ್ಕೆಲ್ಲ ಗೊತ್ತು. ಅವರನ್ನು ಹಾಫೆಟ್ಸ್ ಹಾಯಿಮ್ ಅಂತಲೇ ಕರೆಯುತ್ತಾರೆ. ಇನ್ನೊಬ್ಬರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುವುದರ ಮೇಲೆ ಬರೆದು ಹೆಸರಾದವರು. 1933ರಲ್ಲಿ ತೀರಿಕೊಂಡರು. ಐಶಿಶ್ಕೆಸ್‌ನಲ್ಲೂ ದೂರದ ಊರುಗಳ ವಿದ್ಯಾರ್ಥಿಗಳು ಬಂದು ಓದುತ್ತಿದ್ದರು. ಅವರಿಗೆ ಊಟ ಹಾಕುವುದು ಊರಿನ ಮನೆಗಳ ಜವಾಬ್ದಾರಿ. ಬಡವರ ಮನೆಯಲ್ಲೂ ವಾರಕ್ಕೊಂದು ದಿನ ಒಬ್ಬ ಓದುವ ಹುಡುಗನಿಗೆ ತಟ್ಟೆ ಇಡುತ್ತಿದ್ದರು.

ನೀಲಿಶಾಯಿ:

ವಾರಾನ್ನ! ನಮ್ಮ ಎಷ್ಟು ಹಿರಿಯರು ಹೀಗೇ ಓದಿ ಮುಂದೆ ಬಂದಿದ್ದಾರೆ ಅಲ್ವಾ.

ಬಯಲುಸೀಮೆ:

ನನ್ನದೊಂದು ತಕರಾರು. ಹೀಗೆ ಬರೆದರೆ ಶ್ಟೆಟಲ್ ಅನ್ನುವುದು ಓದು, ಹಬ್ಬ, ಸಂತೆ ತುಂಬಿದ ಸುಖದ ಊರು ಅನ್ನಿಸುತ್ತದೆ. ಹಾಗಿದ್ದರೆ ಲಕ್ಷಾಂತರ ಜನ ಅಲ್ಲಿಂದ ಅಮೆರಿಕಕ್ಕೆ ಯಾಕೆ ಓಡಿದರು? ಬಡತನ ಇರಲಿಲ್ಲವೇ? ಒಳಜಗಳ ಇರಲಿಲ್ಲವೇ? ಸತ್ತವರ ಮೇಲಿನ ಮರುಕಕ್ಕೆ ಅವರ ಬದುಕನ್ನು ಚಂದ ಮಾಡಿ ಹೇಳಬಾರದು.

ತುಂಗಾತೀರ:

ಈ ತಕರಾರು ಸರಿಯಾಗಿಯೇ ಇದೆ. ಬಡತನ ಬಹಳ ಇತ್ತು. ಮರದ ಮನೆಗಳು. ಒಂದು ಕಡೆ ಬೆಂಕಿ ಬಿದ್ದರೆ ಬೀದಿಗೆ ಬೀದಿಯೇ ಉರಿಯುವ ಭಯ. ರಷ್ಯಾದ ಕಾಲದಲ್ಲಿ ಯಹೂದಿಗಳು ಎಲ್ಲಿ ಬೇಕಾದಲ್ಲಿ ವಾಸ ಮಾಡುವ ಹಾಗಿರಲಿಲ್ಲ. ಜಮೀನು ಕೊಳ್ಳಲು ಅಡ್ಡಿ, ಓದಲು ಅಡ್ಡಿ. 1827ರಿಂದ ಸುಮಾರು 30 ವರ್ಷ ಯಹೂದಿ ಗಂಡುಮಕ್ಕಳನ್ನು 12ನೇ ವಯಸ್ಸಿಗೇ ಸೇನೆಯ ಶಾಲೆಗೆ ಎಳೆದೊಯ್ಯುತ್ತಿದ್ದರು. ಸಮುದಾಯವೇ ಇಂತಿಷ್ಟು ಹುಡುಗರನ್ನು ಕೊಡಬೇಕಿತ್ತು. ಕೊಟ್ಟಿದ್ದು ಹೆಚ್ಚಾಗಿ ಬಡವರ ಮಕ್ಕಳನ್ನೇ. ಒಳಜಗಳಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ಬೇಕೇ?

20ನೇ ಶತಮಾನದಲ್ಲಿ ಜಗಳದ ರೂಪ ಬದಲಾಯಿತು. ಒಂದೇ ಮನೆಯಲ್ಲಿ ಅಪ್ಪ ಸಂಪ್ರದಾಯಸ್ಥ, ಮಗ ಪ್ಯಾಲೆಸ್ಟೀನ್‌ಗೆ ಹೋಗಬೇಕೆನ್ನುವ ಝಿಯೋನಿಸ್ಟ್, ಮಗಳು ಸಮಾಜವಾದಿ. ಮಕ್ಕಳಿಗೆ ಹೀಬ್ರೂ ಶಾಲೆಯೋ ಯಿಡ್ಡಿಶ್ ಶಾಲೆಯೋ ಅಂತಲೂ ಕಾದಾಟ. 1930ರ ದಶಕದಲ್ಲಿ ಪೋಲೆಂಡಿನಲ್ಲಿ ಯಹೂದಿ ಅಂಗಡಿಗಳ ಬಹಿಷ್ಕಾರ ನಡೆಯಿತು. ಸಂತೆಯನ್ನೇ ನಂಬಿದ ಊರಿಗೆ ಇದು ನೇರ ಹೊಟ್ಟೆಗೆ ಬಿದ್ದ ಏಟು.

ಇದನ್ನೆಲ್ಲ ಹೇಳಲೇಬೇಕು. ಜಗಳವಾಡುವ, ಸಾಲ ಮಾಡುವ, ಮಕ್ಕಳ ಮದುವೆಗೆ ತಲೆ ಕೆಡಿಸಿಕೊಳ್ಳುವ ಜನ ಅವರು. ಬರೀ ಸಾಧುಸಂತರಂತೆ ತೋರಿಸಿದರೆ ಅವರು ನಮಗೆ ದೂರವಾಗಿಬಿಡುತ್ತಾರೆ.

ಅಡಿಕೆಮರ:

ಹಾಗಾದರೆ 1930ರ ದಶಕದಲ್ಲಿ ಎಲ್ಲರೂ ಯಾಕೆ ಹೊರಟುಹೋಗಲಿಲ್ಲ? ಈ ಪ್ರಶ್ನೆ ನನ್ನನ್ನು ಯಾವಾಗಲೂ ಕಾಡುತ್ತದೆ.

ಹಳೇ ಹಾಳೆ:

ಬಾಗಿಲು ಮುಚ್ಚಿತ್ತು. 1924ರಲ್ಲಿ ಅಮೆರಿಕ ಹೊಸ ಕಾನೂನು ತಂದು ಪೂರ್ವ ಯುರೋಪಿನಿಂದ ಬರುವವರನ್ನು ಬಹುತೇಕ ತಡೆಯಿತು. ಪ್ಯಾಲೆಸ್ಟೀನ್ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿಗೆ ಹೋಗಲು ಪರವಾನಗಿ ಪತ್ರ ಬೇಕು, ಅದು ಸಿಗುವುದು ಕೆಲವರಿಗೆ ಮಾತ್ರ. 1939ರಲ್ಲಿ ಬ್ರಿಟಿಷರು ಐದು ವರ್ಷಕ್ಕೆ 75,000 ಜನರಷ್ಟೇ ಅಂತ ಮಿತಿ ಹಾಕಿದರು. ಹೋಗಬೇಕು ಅಂದುಕೊಂಡವರಲ್ಲಿ ಹೆಚ್ಚಿನವರು ಕಾಯುತ್ತಲೇ ಉಳಿದರು.

1940ರ ಬೇಸಿಗೆಯಲ್ಲಿ ಕೌನಸ್‌ನಲ್ಲಿದ್ದ ಜಪಾನಿನ ಕಾನ್ಸುಲ್ ಚಿಯುನೆ ಸುಗಿಹಾರ ಸಾವಿರಾರು ಜನರಿಗೆ ದಾಟುವ ವೀಸಾ ಬರೆದುಕೊಟ್ಟದ್ದು ಹಲವರಿಗೆ ಗೊತ್ತಿರಬಹುದು. ಅದರ ಜೊತೆಗೆ ಡಚ್ ಕಾನ್ಸುಲ್ ಯಾನ್ ಜ್ವಾರ್ಟೆಂಡೈಕ್ ಕೊಟ್ಟ ಕಾಗದ ಇಲ್ಲದಿದ್ದರೆ ಆ ವೀಸಾ ಕೆಲಸಕ್ಕೆ ಬರುತ್ತಿರಲಿಲ್ಲ. ಅವರ ಹೆಸರನ್ನೂ ಹೇಳಬೇಕು. ಮಿರ್ ಯೆಶಿವಾ ಉಳಿದದ್ದು ಈ ದಾರಿಯಲ್ಲೇ. ಆದರೆ ಅದು ಹೆಚ್ಚಾಗಿ ಪೋಲೆಂಡಿನಿಂದ ಓಡಿಬಂದ ನಿರಾಶ್ರಿತರಿಗೆ ಸಿಕ್ಕ ದಾರಿ. ಹಳ್ಳಿಪೇಟೆಯ ಅಂಗಡಿಯವನಿಗೆ ಅಷ್ಟು ದೂರದ ಕನಸು ಎಲ್ಲಿಂದ ಬರಬೇಕು?

ತುಂಗಾತೀರ:

ಈಗ 1941ರ ಸೆಪ್ಟೆಂಬರ್.

21ರ ಸಂಜೆ ಯಹೂದಿಗಳ ಹೊಸ ವರ್ಷ, ರೋಶ್ ಹಶಾನಾ. ಅದೇ ಹೊತ್ತಿಗೆ ಎಲ್ಲರನ್ನೂ ಮನೆಗಳಿಂದ ಹೊರಡಿಸಿ ಸಿನಗಾಗ್ ಮತ್ತು ಓದಿನ ಮನೆಗಳಲ್ಲಿ ತುಂಬಿದರು. ಅಕ್ಕಪಕ್ಕದ ಊರಿನವರನ್ನೂ ತಂದರು. ಹಬ್ಬದ ದಿನಗಳು ಹಾಗೇ ಕಳೆದವು. ಅಲ್ಲಿಂದ ಕುದುರೆ ಸಂತೆಯ ಮೈದಾನಕ್ಕೆ ಅಟ್ಟಿದರು. 25ರಂದು ಗಂಡಸರನ್ನು ಗುಂಪು ಗುಂಪಾಗಿ ಹಳೆಯ ಯಹೂದಿ ಸ್ಮಶಾನಕ್ಕೆ ಒಯ್ದು ಗುಂಡಿಟ್ಟರು. 26ರಂದು ಹೆಂಗಸರು, ಮಕ್ಕಳು. ಅವರನ್ನು ಕೊಂದದ್ದು ಕ್ಯಾಥೊಲಿಕ್ ಸ್ಮಶಾನದ ಹತ್ತಿರ. ಊರಿನ ಕೊನೆಯ ರಬ್ಬಿ ಶಿಮೋನ್ ರೊಜೊವ್‌ಸ್ಕಿ ಕೂಡ ತಮ್ಮ ಜನರ ಜೊತೆಗೇ ಹೋದರು.

ಲೆಕ್ಕ ಎಲ್ಲಿಂದ ಬಂತು ಅಂದರೆ, ಕೊಂದವರೇ ಬರೆದಿಟ್ಟಿದ್ದಾರೆ. ಐನ್‌ಜಾಟ್ಸ್‌ಕೊಮಾಂಡೊ 3 ಅನ್ನುವ, ನಾಜಿಗಳ ಎಸ್‌ಎಸ್ ಪಡೆಯ ತುಕಡಿಯ ಮುಖ್ಯಸ್ಥ ಕಾರ್ಲ್ ಯೇಗರ್ 1941ರ ಡಿಸೆಂಬರ್ 1ರಂದು ಒಂದು ವರದಿ ಟೈಪ್ ಮಾಡಿಸಿದ. ದಿನ, ಊರು, ಗಂಡಸರು, ಹೆಂಗಸರು, ಮಕ್ಕಳು, ಮೊತ್ತ. ಅಂಗಡಿ ಲೆಕ್ಕದ ಪುಸ್ತಕದ ರೀತಿ. ಐಶಿಶ್ಕೆಸ್ ಎದುರಿಗೆ 989 ಗಂಡಸರು, 1,636 ಹೆಂಗಸರು, 821 ಮಕ್ಕಳು. ಒಟ್ಟು 3,446. ತಾರೀಖು ಸೆಪ್ಟೆಂಬರ್ 27 ಅಂತಿದೆ, ಅಂದರೆ ಕೊಂದು ಮುಗಿಸಿದ ಮರುದಿನದ್ದು. ವರದಿಯ ಕೊನೆಗೆ ಒಟ್ಟು ಮೊತ್ತ 1,37,346.

ಬಯಲುಸೀಮೆ:

ಗುಂಡು ಹೊಡೆದವರು ಯಾರು? ಜರ್ಮನರೇ ಅಥವಾ ಊರಿನವರೇ? ನೇರವಾಗಿ ಹೇಳಿ.

ತುಂಗಾತೀರ:

ಯೋಜನೆ, ಆಜ್ಞೆ, ಉಸ್ತುವಾರಿ ಜರ್ಮನರದ್ದು. ಬಂದೂಕು ಹಿಡಿದವರಲ್ಲಿ ಹೆಚ್ಚಿನವರು ಲಿಥುವೇನಿಯನ್ ಸಹಾಯಕ ಪೊಲೀಸರು. ಇದು ಐಶಿಶ್ಕೆಸ್ ಒಂದರ ಕಥೆಯಲ್ಲ, ಆ ದೇಶದ ಬಹುತೇಕ ಊರುಗಳಲ್ಲಿ ಹೀಗೇ ಆಯಿತು. ಯುದ್ಧಕ್ಕೆ ಮುಂಚೆ ಅಲ್ಲಿ ಸುಮಾರು ಎರಡು ಲಕ್ಷ ಯಹೂದಿಗಳಿದ್ದರು. 100ಕ್ಕೆ 90ಕ್ಕಿಂತ ಹೆಚ್ಚು ಜನ ಸತ್ತರು. ಅದರಲ್ಲೂ ಬಹುಪಾಲು 1941ರ ಆರೇ ತಿಂಗಳಲ್ಲಿ. ಬೆರಳೆಣಿಕೆಯ ಜರ್ಮನರಿಂದ ಇದು ಆಗುವ ಕೆಲಸವಲ್ಲ.

ಕಾರಣ ಕೇಳಿದರೆ ಒಂದೇ ಉತ್ತರ ಇಲ್ಲ. ಸೋವಿಯತ್ ಆಡಳಿತದ ಒಂದು ವರ್ಷದಲ್ಲಿ ಸಾವಿರಾರು ಜನರನ್ನು ಸೈಬೀರಿಯಾಕ್ಕೆ ಸಾಗಿಸಿದ್ದರು. ಅದಕ್ಕೆಲ್ಲ ಯಹೂದಿಗಳೇ ಕಾರಣ ಅಂತ ಪ್ರಚಾರ ನಡೆಯಿತು. ಆದರೆ ಸೈಬೀರಿಯಾಕ್ಕೆ ಹೋದವರಲ್ಲಿ ಯಹೂದಿಗಳೂ ಬಹಳ ಜನ ಇದ್ದರು! ಇದರ ಜೊತೆಗೆ ಹಳೆಯ ದ್ವೇಷ, ಆಸ್ತಿಯ ಆಸೆ, ಹೊಸ ಧಣಿಗಳನ್ನು ಮೆಚ್ಚಿಸುವ ಚಪಲ. ಯಾವುದೂ ಮಗುವಿಗೆ ಗುಂಡು ಹೊಡೆಯುವುದಕ್ಕೆ ಸಮಜಾಯಿಷಿ ಆಗುವುದಿಲ್ಲ.

ಕಾಪಾಡಿದವರೂ ಇದ್ದರು. ಸುತ್ತಲಿನ ಹಳ್ಳಿಗಳ ಪೋಲಿಷ್ ರೈತರು ಕೆಲವರು ಕೊಟ್ಟಿಗೆಯ ನೆಲದಡಿ ಗುಂಡಿ ತೋಡಿ ಯಹೂದಿ ಕುಟುಂಬಗಳನ್ನು ಅಡಗಿಸಿದರು. ಕಝಿಮಿಯೆಝ್ ಕೊರ್ಕುಚ್ ಅನ್ನುವ ರೈತ ಅವರಲ್ಲೊಬ್ಬ. ಸಿಕ್ಕಿಬಿದ್ದರೆ ಇಡೀ ಮನೆಗೆ ಸಾವು ಅಂತ ಗೊತ್ತಿದ್ದೂ ಮಾಡಿದರು. ಲಿಥುವೇನಿಯಾದಲ್ಲಿ ಹೀಗೆ ಕಾಪಾಡಿದ 900ಕ್ಕೂ ಹೆಚ್ಚು ಜನರನ್ನು ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಗೌರವಿಸಿದೆ.

ಪೊಟೊಮ್ಯಾಕ್ ಕನ್ನಡಿಗ:

ನಾನು ವಾಷಿಂಗ್ಟನ್ ಹತ್ತಿರ ಇರುವವನು. ಐಶಿಶೋಕ್ ಹೆಸರು ನೋಡಿದ ತಕ್ಷಣ ಬರೆಯಲೇಬೇಕು ಅನ್ನಿಸಿತು. ಇಲ್ಲಿನ ಹೊಲೊಕಾಸ್ಟ್ (ನಾಜಿಗಳು ನಡೆಸಿದ ಯಹೂದಿ ನರಮೇಧ) ಮ್ಯೂಸಿಯಂ ನೋಡಿದವರಿಗೆ 'ಮುಖಗಳ ಗೋಪುರ' ನೆನಪಿರುತ್ತದೆ. ಮಹಡಿಗಳನ್ನು ಸೀಳಿಕೊಂಡು ಮೇಲೆ ಹೋಗುವ ಒಂದು ಕಿರಿದಾದ ಗೋಪುರ. ಒಳಗೋಡೆಗಳ ತುಂಬ ಫೋಟೊಗಳು, ಸಾವಿರದಷ್ಟು. ಎಲ್ಲವೂ ಈ ಒಂದೇ ಊರಿನವು! 1890ರಿಂದ 1941ರವರೆಗೆ ತೆಗೆದವು.

ಹಿಮದಲ್ಲಿ ಆಡುವ ಮಕ್ಕಳು, ಸೈಕಲ್ ಹಿಡಿದು ನಿಂತ ಹುಡುಗಿಯರು, ಶಾಲೆಯ ಗುಂಪುಚಿತ್ರ, ಮದುವೆ, ಮಗು ಎತ್ತಿಕೊಂಡ ಅಜ್ಜಿ. ಹೆಣಗಳ ಚಿತ್ರ ಒಂದೂ ಇಲ್ಲ. ದಾರಿ ಎರಡು ಸಲ ಈ ಗೋಪುರದ ಮೂಲಕವೇ ಹಾದುಹೋಗುತ್ತದೆ. ಮೊದಲ ಸಲ ಅವರು ಯಾರೋ ಅಪರಿಚಿತರು. ಎರಡನೇ ಸಲ ಬರುವ ಹೊತ್ತಿಗೆ ಏನಾಯಿತು ಅಂತ ಗೊತ್ತಿರುತ್ತದೆ. ಆಗ ತಲೆ ಎತ್ತಿ ನೋಡುವುದು ಕಷ್ಟ.

ಅಡಿಕೆಮರ:

ಊರಿಗೆ ಊರೇ ಹೋದ ಮೇಲೆ ಇಷ್ಟು ಫೋಟೊ ಹೇಗೆ ಉಳಿದವು?

ತುಂಗಾತೀರ:

ನಾನು ಈ ಊರನ್ನು ಆರಿಸಿಕೊಂಡಿದ್ದೇ ಇದಕ್ಕಾಗಿ. ವಿವರವಾಗಿ ಬರೆಯುತ್ತೇನೆ.

ಊರಿನಲ್ಲಿ ಫೋಟೊಗ್ರಾಫರುಗಳಿದ್ದರು. ಇಟ್ಸ್‌ಹಾಕ್ ಉರಿ ಕಾಟ್ಸ್, ಅವರ ಹೆಂಡತಿ ಆಲ್ಟೆ ಕಾಟ್ಸ್, ಬೆನ್ ಝಿಯೋನ್ ಶ್ರೈಡರ್, ರಫಾಯೆಲ್ ಲೇಬೊವಿಚ್. ಆಲ್ಟೆ ಔಷಧ ಅಂಗಡಿಯನ್ನೂ ನಡೆಸುತ್ತಿದ್ದರು. ಒಬ್ಬ ಹೆಂಗಸು ಕ್ಯಾಮೆರಾ ಹಿಡಿದು ಊರಿನ ಮದುವೆ, ನಾಮಕರಣ, ಬೀಳ್ಕೊಡುಗೆ ಎಲ್ಲವನ್ನೂ ತೆಗೆಯುತ್ತಿದ್ದ ಕಾಲ ಅದು. ನನಗಂತೂ ಇಡೀ ಕಥೆಯಲ್ಲಿ ಅತ್ಯಂತ ಪ್ರೀತಿಯ ವ್ಯಕ್ತಿ ಆಲ್ಟೆ.

ಊರು ಬಿಟ್ಟು ಹೋದವರು ಅಮೆರಿಕ, ಪ್ಯಾಲೆಸ್ಟೀನ್, ದಕ್ಷಿಣ ಅಮೆರಿಕ ಎಲ್ಲ ಕಡೆ ಚದುರಿದ್ದರು. ಅವರಿಗೆ ಹೊಸ ವರ್ಷಕ್ಕೆ ಶುಭಾಶಯ ಕಳಿಸಬೇಕು. ಮಗಳು ಎಷ್ಟು ಎತ್ತರ ಬೆಳೆದಿದ್ದಾಳೆ ಅಂತ ಅಣ್ಣನಿಗೆ ತೋರಿಸಬೇಕು. ಹಾಗೆ ಫೋಟೊ ತೆಗೆಸಿ, ಹಿಂದುಗಡೆ ಎರಡು ಸಾಲು ಬರೆದು ಅಂಚೆಗೆ ಹಾಕುತ್ತಿದ್ದರು. ಊರಿನಲ್ಲಿದ್ದ ಪ್ರತಿಗಳು ಮನೆಗಳ ಜೊತೆಗೇ ಹಾಳಾದವು. ಕಡಲು ದಾಟಿದವು ಉಳಿದವು.

ಆಲ್ಟೆಯ ಮೊಮ್ಮಗಳು ಯಾಫಾ ಎಲಿಯಾಕ್. ಕೊಲೆ ನಡೆದಾಗ ಪುಟ್ಟ ಹುಡುಗಿ. ತಂದೆ ತಾಯಿಯ ಜೊತೆ ಅಡಗಿ ಬದುಕಿದಳು. ಮುಂದೆ ಪ್ಯಾಲೆಸ್ಟೀನ್‌ಗೆ, ಅಲ್ಲಿಂದ 1954ರಲ್ಲಿ ಅಮೆರಿಕಕ್ಕೆ ಹೋಗಿ ಬ್ರೂಕ್ಲಿನ್ ಕಾಲೇಜಿನಲ್ಲಿ ಇತಿಹಾಸದ ಪ್ರಾಧ್ಯಾಪಕಿಯಾದಳು. ಅಧ್ಯಕ್ಷ ಕಾರ್ಟರ್ 1978ರಲ್ಲಿ ನೇಮಿಸಿದ ಹೊಲೊಕಾಸ್ಟ್ ಆಯೋಗದ ಕೆಲಸದಲ್ಲಿ ಆಕೆಯೂ ಇದ್ದರು. 1979ರಲ್ಲಿ ಆಯೋಗದ ಜೊತೆ ಪೂರ್ವ ಯುರೋಪಿಗೆ ಹೋದರು. ಸ್ಮಾರಕ ಅಂದರೆ ಬರೀ ಸಾವನ್ನು ತೋರಿಸುವುದಾಗಬಾರದು, ಬದುಕನ್ನು ತೋರಿಸಬೇಕು ಅನ್ನುವ ಹಟ ಅವರಿಗೆ ಹತ್ತಿದ್ದು ಆಗಲೇ.

ಆಮೇಲೆ ಹತ್ತಾರು ವರ್ಷ ದೇಶದೇಶ ಸುತ್ತಿದರು. ಊರಿನ ಕುಟುಂಬಗಳನ್ನು ಹುಡುಕಿ, ಅವರ ಆಲ್ಬಮ್, ಪೆಟ್ಟಿಗೆ, ಅಟ್ಟ ಎಲ್ಲ ಶೋಧಿಸಿ ಸುಮಾರು 6,000 ಫೋಟೊ ಕೂಡಿಹಾಕಿದರು. ಚಿತ್ರದಲ್ಲಿರುವವರು ಯಾರು, ಯಾರ ಮಗಳು, ಮುಂದೆ ಏನಾದರು ಅಂತ ಕೇಳಿ ಬರೆದುಕೊಂಡರು. 1993ರಲ್ಲಿ ಮ್ಯೂಸಿಯಂ ತೆರೆದಾಗ ಅವುಗಳಿಂದ ಆರಿಸಿದ್ದೇ ಗೋಪುರವಾಯಿತು. 2016ರಲ್ಲಿ ಎಲಿಯಾಕ್ ತೀರಿಕೊಂಡರು.

ಯೇಗರ್‌ನ ಪಟ್ಟಿಯಲ್ಲಿ 821 ಮಕ್ಕಳು ಅಂತಷ್ಟೇ ಇದೆ. ಎಲಿಯಾಕ್ ಆ ಮಕ್ಕಳಿಗೆ ಹೆಸರು, ಮುಖ, ಅಜ್ಜ ಅಜ್ಜಿ ಕೊಟ್ಟರು. ಒಬ್ಬ ಇತಿಹಾಸಕಾರ್ತಿ ಮಾಡಬಹುದಾದ ಕೆಲಸದಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ.

ನೀಲಿಶಾಯಿ:

ಯೇಗರ್‌ಗೆ ಶಿಕ್ಷೆ ಆಯಿತೇ?

ಹಳೇ ಹಾಳೆ:

ಇಲ್ಲ. ಯುದ್ಧ ಮುಗಿದ ಮೇಲೆ ಜರ್ಮನಿಯಲ್ಲೇ ಸುಮ್ಮನೆ ಬದುಕಿದ್ದ. 1959ರಲ್ಲಿ ಬಂಧಿಸಿದರು. ವಿಚಾರಣೆಗೆ ಮುಂಚೆಯೇ ಸೆರೆಯಲ್ಲಿ ಆತ್ಮಹತ್ಯೆ ಮಾಡಿಕೊಂಡ.

ಬಯಲುಸೀಮೆ:

ಇನ್ನೊಂದು ವಿಷಯ. ಎಲಿಯಾಕ್ ಅವರ ತಾಯಿ ಸತ್ತದ್ದು ಜರ್ಮನರಿಂದಲ್ಲ ಅಂತ ಓದಿದ್ದೇನೆ. ಅದರ ಮೇಲೆ ಪೋಲೆಂಡಿನಲ್ಲಿ ದೊಡ್ಡ ಜಗಳವೇ ಆಯಿತಂತೆ.

ತುಂಗಾತೀರ:

ಹೌದು. 1944ರ ಬೇಸಿಗೆಯಲ್ಲಿ ಸೋವಿಯತ್ ಸೇನೆ ಮತ್ತೆ ಬಂತು. ಅಡಗಿದ್ದ ಕೆಲವೇ ಯಹೂದಿಗಳು ಊರಿಗೆ ಮರಳಿದರು. ಅಕ್ಟೋಬರ್‌ನಲ್ಲಿ ಪೋಲಿಷ್ ಭೂಗತ ಸೇನೆಯವರು ರಾತ್ರಿ ಊರಿನ ಮೇಲೆ ದಾಳಿ ಮಾಡಿದರು. ಎಲಿಯಾಕ್ ಅವರ ತಾಯಿ ಮತ್ತು ಹಸುಗೂಸು ತಮ್ಮ ಸತ್ತರು. ಯಹೂದಿಗಳು ಅಂತಲೇ ಕೊಂದರು ಅನ್ನುವುದು ಎಲಿಯಾಕ್ ಅವರ ಮಾತು. ದಾಳಿ ನಡೆದದ್ದು ಸೋವಿಯತ್ತರ ಮೇಲೆ, ಆ ಮನೆಯಲ್ಲಿ ಸೋವಿಯತ್ ಅಧಿಕಾರಿ ಇದ್ದ, ಗುಂಡಿನ ಕಾಳಗದಲ್ಲಿ ಇವರು ಸತ್ತರು ಅನ್ನುವುದು ಹಲವು ಪೋಲಿಷ್ ಇತಿಹಾಸಕಾರರ ವಾದ. ವಾದ ಇನ್ನೂ ಮುಗಿದಿಲ್ಲ. ಕಣ್ಣೆದುರು ತಾಯಿ ಸತ್ತದ್ದನ್ನು ಕಂಡ ಮಗುವಿನ ಮಾತನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹಾಗಂತ ಆ ಭೂಗತ ಸೇನೆ ನಾಜಿಗಳ ವಿರುದ್ಧ ಹೋರಾಡಿದ್ದೂ ನಿಜ. ಎರಡನ್ನೂ ಒಟ್ಟಿಗೆ ಹಿಡಿಯಬೇಕು.

ಅಡಿಕೆಮರ:

ನಮಗೂ ಇದಕ್ಕೂ ಒಂದು ಸಣ್ಣ ಕೊಂಡಿ ಇದೆ. ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿಯವರ ಆಪ್ತ ಗೆಳೆಯ ಹರ್ಮನ್ ಕಾಲೆನ್‌ಬಾಕ್ ಹುಟ್ಟಿದ್ದು ಲಿಥುವೇನಿಯಾದ ಪಶ್ಚಿಮದ ಝೆಮೈಚು ನೌಮಿಯೆಸ್ತಿಸ್ ಅನ್ನುವ ಸಣ್ಣ ಊರಿನಲ್ಲಿ, 1871ರಲ್ಲಿ. ಯಹೂದಿ ಕುಟುಂಬ. 1910ರಲ್ಲಿ ಸತ್ಯಾಗ್ರಹಿಗಳಿಗಾಗಿ 1,100 ಎಕರೆ ಜಮೀನು ಬಿಟ್ಟುಕೊಟ್ಟವರು ಇವರೇ. ಅದೇ ಟಾಲ್‌ಸ್ಟಾಯ್ ಫಾರ್ಮ್. ಲಿಥುವೇನಿಯಾದ ರುಸ್ನೆ ಅನ್ನುವ ಕಡೆ ಇಬ್ಬರೂ ಜೊತೆಗೆ ನಿಂತ ಪ್ರತಿಮೆಯನ್ನು 2015ರಲ್ಲಿ ಇಟ್ಟಿದ್ದಾರೆ.

ಹಳೇ ಹಾಳೆ:

ಆ ನೌಮಿಯೆಸ್ತಿಸ್‌ನ ಯಹೂದಿ ಸಮುದಾಯವೂ 1941ರಲ್ಲೇ ನಾಶವಾಯಿತು.

ಪೊಟೊಮ್ಯಾಕ್ ಕನ್ನಡಿಗ:

ಈಗಿನ ಲಿಥುವೇನಿಯಾದ ಜನ ಇದನ್ನೆಲ್ಲ ಹೇಗೆ ನೋಡುತ್ತಾರೆ?

ತುಂಗಾತೀರ:

ಸೋವಿಯತ್ ಕಾಲದಲ್ಲಿ ಗುಂಡಿಗಳ ಹತ್ತಿರ ಕಲ್ಲು ನೆಟ್ಟರೂ 'ಸೋವಿಯತ್ ಪ್ರಜೆಗಳು' ಅಂತ ಬರೆಯುತ್ತಿದ್ದರು. ಯಹೂದಿ ಅನ್ನುವ ಮಾತೇ ಇರುತ್ತಿರಲಿಲ್ಲ. 1990ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಬರಹ ಬದಲಾಯಿತು. 1995ರಲ್ಲಿ ಅಧ್ಯಕ್ಷ ಬ್ರಾಝೌಸ್ಕಸ್ ಇಸ್ರೇಲ್ ಸಂಸತ್ತಿನಲ್ಲಿ ನಿಂತು, ಕೊಲೆಯಲ್ಲಿ ಕೈಜೋಡಿಸಿದ ಲಿಥುವೇನಿಯನ್ನರ ಪರವಾಗಿ ಕ್ಷಮೆ ಕೇಳಿದರು. ತವರಿನಲ್ಲಿ ಇದಕ್ಕೆ ಬೈಗುಳವೂ ಸಿಕ್ಕಿತು.

ಜನರ ಮಟ್ಟದಲ್ಲಿ ನನಗೆ ದೊಡ್ಡದು ಅನ್ನಿಸಿದ್ದು ಮೊಲೆಟೈ ಊರಿನ ಮೆರವಣಿಗೆ. ಅಲ್ಲಿನ ಯಹೂದಿಗಳನ್ನು ಕೊಂದದ್ದು 1941ರ ಆಗಸ್ಟ್ 29ರಂದು. 2016ರಲ್ಲಿ ಅದೇ ದಿನ, ಅವರನ್ನು ನಡೆಸಿಕೊಂಡು ಹೋದ ದಾರಿಯಲ್ಲೇ ಸಾವಿರಾರು ಜನ ನಡೆದರು. ನಾಟಕಕಾರ ಮಾರಿಯುಸ್ ಇವಾಶ್ಕೆವಿಚುಸ್ ಬರೆದು ಕರೆ ಕೊಟ್ಟಿದ್ದರು. ಬಂದವರಲ್ಲಿ ಹೆಚ್ಚಿನವರು ಯಹೂದಿಗಳಲ್ಲ, ಸಾಮಾನ್ಯ ಲಿಥುವೇನಿಯನ್ನರು.

ಪಾಕ್ರುವೊಯಿಸ್‌ನಲ್ಲಿ 1801ರಲ್ಲಿ ಕಟ್ಟಿದ ಮರದ ಸಿನಗಾಗ್ ಬೆಂಕಿಗೆ ಸಿಕ್ಕು ಹಾಳಾಗಿತ್ತು, ಅದನ್ನು ರಿಪೇರಿ ಮಾಡಿ 2017ರಲ್ಲಿ ತೆರೆದರು. ಶೆಡುವಾ ಊರಿನಲ್ಲಿ 2025ರಲ್ಲಿ ಶ್ಟೆಟಲ್ ಬದುಕಿಗೇ ಮೀಸಲಾದ ದೊಡ್ಡ ಮ್ಯೂಸಿಯಂ ಬಂದಿದೆ. ಇಷ್ಟಾದರೂ, 1941ರ ಕೆಲವು ಸೋವಿಯತ್ ವಿರೋಧಿ ನಾಯಕರು ದೇಶಭಕ್ತರೋ ಕೊಲೆಗೆ ನೆರವಾದವರೋ ಅನ್ನುವ ಜಗಳ ಇವತ್ತಿಗೂ ಬೀದಿ ಹೆಸರು, ಫಲಕಗಳ ಮೇಲೆ ನಡೆಯುತ್ತಲೇ ಇದೆ.

ನೀಲಿಶಾಯಿ:

ಇನ್ನೂ ಓದಬೇಕು ಅನ್ನುವವರು ಎಲ್ಲಿ ಶುರು ಮಾಡಬೇಕು?

ಹಳೇ ಹಾಳೆ:

ಯಿಝ್ಕೋರ್ ಪುಸ್ತಕಗಳಿಂದ. ಯುದ್ಧದ ನಂತರ ಉಳಿದವರು ಊರೂರಿನ ಸಂಘ ಕಟ್ಟಿಕೊಂಡು, ತಮ್ಮ ಊರಿನ ನೆನಪಿಗೆ ಯಿಡ್ಡಿಶ್ ಅಥವಾ ಹೀಬ್ರೂದಲ್ಲಿ ಇವನ್ನು ಬರೆದರು. ಇಂಥ ನೂರಾರು ಪುಸ್ತಕಗಳಿವೆ. ಬೀದಿಯ ನಕ್ಷೆ, ಅಡ್ಡಹೆಸರುಗಳು, ಮೇಷ್ಟರು, ಹುಚ್ಚರು, ಭಿಕ್ಷುಕರು, ಕೊನೆಗೆ ಸತ್ತವರ ಹೆಸರಿನ ಪಟ್ಟಿ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ಇವುಗಳಲ್ಲಿ ಬಹಳಷ್ಟನ್ನು ಸ್ಕ್ಯಾನ್ ಮಾಡಿ ಆನ್‌ಲೈನ್ ಹಾಕಿದೆ. ಜ್ಯೂಯಿಶ್‌ಜೆನ್ ಅನ್ನುವ ಸಂಸ್ಥೆ ಸ್ವಯಂಸೇವಕರ ಕೈಯಲ್ಲಿ ಇಂಗ್ಲಿಷ್ ಅನುವಾದ ಮಾಡಿಸುತ್ತಿದೆ. ಹೆಸರು ಹುಡುಕಲು ಯಾದ್ ವಾಶೆಮ್‌ನ ದಾಖಲೆ ಇದೆ, ಊರಿನ ಹೆಸರು ಹಾಕಿದರೂ ಸಾಕು.

ಅಡಿಕೆಮರ:

ಆ ನೆನಪುಗಳಲ್ಲಿ ಸಂತೆ ದಿನದ ಬಗ್ಗೆ ಇರುವುದನ್ನು ಯಾರಾದರೂ ಕನ್ನಡಕ್ಕೆ ತಂದು ಇಲ್ಲಿ ಹಾಕಿದರೆ ಬಹಳ ಉಪಕಾರ.

ತುಂಗಾತೀರ:

ನಾನು ಮಾಡುತ್ತೇನೆ. ಗುರುವಾರದ ಸಂತೆ, ಆಮೇಲೆ ಆಲ್ಟೆಯ ಸ್ಟುಡಿಯೊ. ಯಿಡ್ಡಿಶ್ ಹೆಸರುಗಳ ಉಚ್ಚಾರ ಗೊತ್ತಿರುವವರು ತಿದ್ದಿಕೊಡಬೇಕು.